ಕಿವುಡು ಯಾರದು?

ಮನೆಯ ಗಂಡಸು ಟಿವಿ ಮುಂದೆ ಕೂತು ‘ಏನೂ ಸರಿಯಾಗಿ ಕೇಳಿಸ್ತಾ ಇಲ್ವಲ್ಲ’ ಎಂದರೆ ಎಲ್ಲರೂ ಯಂತ್ರದ ಕಡೆ ನೋಡುತ್ತಾರೆ. ಅದೇ ಮಾತನ್ನು ಮನೆಯ ಹೆಂಗಸು, ಅದರಲ್ಲೂ ವಯಸ್ಸಾದ ಹೆಂಗಸು ಹೇಳಿದರೆ ಎಲ್ಲರೂ ಅವಳ ಕಿವಿಯ ಕಡೆ ನೋಡುತ್ತಾರೆ. ಮಾತು ಒಂದೇ, ದೂರು ಒಂದೇ. ಆದರೆ ಒಬ್ಬರ ದೂರು ರಿಪೇರಿಗೆ ಹೋಗುತ್ತದೆ, ಇನ್ನೊಬ್ಬರ ದೂರು ಮೂಲೆಗೆ ಹೋಗುತ್ತದೆ. ನನ್ನ ಜಗಳ ಇರುವುದು ಈ ಭೇದದ ಮೇಲೆ. ಜಗಳ ಎಂದೆನೆಂದು ಗಾಬರಿಯಾಗಬೇಡಿ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಪಾಠ ಹೇಳಿದವಳು ನಾನು. ಜಗಳವನ್ನೂ ಪಾಠದಂತೆಯೇ, ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಿ ತೋರಿಸಿದಂತೆಯೇ ಮಾಡುತ್ತೇನೆ.

ವಿಷಯ ತೀರಾ ಲೌಕಿಕವಾದದ್ದು. ನಮ್ಮಂಥ ಊರುಗಳ ಮನೆಗಳಲ್ಲೂ ಈಗ ಹಾಲಿನ ಒಂದು ಗೋಡೆ ಪೂರ್ತಿ ಟಿವಿಗೆ ಮೀಸಲು. ಕೆಲವರ ಮನೆಯಲ್ಲಿ ಟಿವಿಯ ಕೆಳಗೆ ಒಂದು ಕಂಪ್ಯೂಟರ್ ಇರುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ ಜೋಡಿಸಿಟ್ಟದ್ದು. ಅದರಲ್ಲಿ ಸಿನಿಮಾಗಳು, ಮದುವೆಯ ವಿಡಿಯೋಗಳು, ಯಕ್ಷಗಾನ ಎಲ್ಲವೂ ತುಂಬಿರುತ್ತವೆ. ಜೊತೆಗೆ ಸುತ್ತಲೂ ಸದ್ದು ಹೊರಡಿಸುವ ಆರು ಡಬ್ಬಗಳು. ಮುಂದೆ ಎಡಕ್ಕೊಂದು ಬಲಕ್ಕೊಂದು, ಹಿಂದೆ ಎಡಕ್ಕೊಂದು ಬಲಕ್ಕೊಂದು, ಟಿವಿಯ ಕೆಳಗೆ ನಟ್ಟನಡುವೆ ಒಂದು, ನೆಲದ ಮೇಲೆ ಗುಡುಗುವ ದೊಡ್ಡದೊಂದು. ಇದನ್ನೇ ಅಂಗಡಿಯವರು 5.1 ಎನ್ನುವುದು. ಐದು ಡಬ್ಬ ಐದಾಯಿತು. ನೆಲದ ಡಬ್ಬಕ್ಕೆಂದು ಬರುವ ಧ್ವನಿ 120 ಹರ್ಟ್ಸ್‌ವರೆಗಿನ ಗುಡುಗುಡು ಸದ್ದು ಮಾತ್ರ. ಮನುಷ್ಯನ ಕಿವಿಗೆ ಎಟುಕುವ ವ್ಯಾಪ್ತಿಯಲ್ಲಿ ಅದು ಬಹಳ ಸಣ್ಣ ಪಾಲಾದ್ದರಿಂದ ಪೂರ್ತಿ ಒಂದೆಂದು ಲೆಕ್ಕಕ್ಕೆ ಹಿಡಿಯದೆ ‘ಪಾಯಿಂಟ್ ಒನ್’ ಎಂದು ಕರೆದರು. ಇಷ್ಟೇ ಇದರ ರಹಸ್ಯ. ಒಂದೂಕಾಲಿನ ಮಗ್ಗಿಯಷ್ಟು ಕಷ್ಟವೂ ಇದರಲ್ಲಿಲ್ಲ.

ಈ ಆರರಲ್ಲಿ ಯಾವುದು ಮುಖ್ಯ? ಯಾವ ಮನೆಯಲ್ಲಿ ಬೇಕಾದರೂ ಕೇಳಿ, ನೆಲದ ಮೇಲಿನ ದೊಡ್ಡ ಡಬ್ಬವನ್ನು ತೋರಿಸುತ್ತಾರೆ. ಅದು ಗುಡುಗಿದರೆ ಕಿಟಕಿಯ ಗಾಜು ನಡುಗುತ್ತದೆ, ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ, ಕೊಟ್ಟ ಹಣ ಸಾರ್ಥಕವಾಯಿತು ಅನಿಸುತ್ತದೆ. ಆದರೆ ಸಿನಿಮಾದಲ್ಲಿ ಮನುಷ್ಯರು ಆಡುವ ಮಾತಿನ ಬಹುಪಾಲು ಬರುವುದು ಟಿವಿಯ ಕೆಳಗೆ ಸದ್ದಿಲ್ಲದೆ ಕೂತ ಆ ನಡುವಿನ ಡಬ್ಬದಿಂದ. ಗುಡುಗು, ಕುದುರೆ, ಮಳೆ, ಪಿಟೀಲು ಇವೆಲ್ಲ ಉಳಿದವುಗಳ ಪಾಲು. ಮಾತು ನಡುವಿನದರ ಪಾಲು. ಅದೊಂದು ಸತ್ತರೆ ಮನೆ ತುಂಬ ಸದ್ದಿರುತ್ತದೆ, ಮಾತಿರುವುದಿಲ್ಲ.

ನಡುವೆ ಒಂದು ಡಬ್ಬ ಯಾಕೆ ಬೇಕಾಯಿತು ಎನ್ನುವುದರ ಹಿಂದೆ ಒಂದು ಕಥೆಯಿದೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳುಹಿಸಿ ಕೇಳಿಸಿದರು. ಆಗಲೇ ಅವರು ಎಡ, ನಡು, ಬಲ ಎಂದು ಮೂರು ಧ್ವನಿಮಾರ್ಗಗಳನ್ನು ಬಳಸಿದ್ದರು. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರ ಕೆಲವು ಥಿಯೇಟರುಗಳಲ್ಲಿ ಬಹುಮಾರ್ಗದ ಧ್ವನಿಯೊಂದಿಗೆ ತೆರೆಕಂಡಿತು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಡಾಲ್ಬಿ ಡಿಜಿಟಲ್ ಧ್ವನಿಯಲ್ಲಿ, 1993ರಲ್ಲಿ ‘ಜುರಾಸಿಕ್ ಪಾರ್ಕ್’ ಡಿಟಿಎಸ್ ಧ್ವನಿಯಲ್ಲಿ ಬಂದವು. ಇಷ್ಟು ವರ್ಷವೂ ನಡುವಿನ ಸ್ಪೀಕರನ್ನು ಯಾರೂ ಕೈಬಿಡಲಿಲ್ಲ. ಯಾಕೆ ಗೊತ್ತೆ? ಎಡ ಬಲ ಎರಡೇ ಡಬ್ಬ ಇದ್ದರೆ, ಎರಡರಿಂದಲೂ ಸಮನಾಗಿ ಬರುವ ಮಾತು ನಡುವಿನಿಂದ ಬಂದಂತೆ ಕೇಳುವುದು ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಮಾತ್ರ. ಪಕ್ಕಕ್ಕೆ ಕೂತವರಿಗೆ ಅದು ಹತ್ತಿರದ ಡಬ್ಬದ ಕಡೆಗೆ ಜಾರಿಬಿಡುತ್ತದೆ. ತೆರೆಯಲ್ಲಿ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅಂಚಿನ ಸೀಟಿನವರಿಗೂ ಮಾತು ತೆರೆಯಿಂದಲೇ ಬರಲಿ ಎಂದು ನಡುವೆ ಒಂದನ್ನು ಇಟ್ಟರು.

ಈಗ ನಿಮ್ಮ ಮನೆಯ ಹಾಲನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸೋಫಾದ ಮಧ್ಯದಲ್ಲಿ ಕೂರುವವರು ಯಾರು? ಅಡುಗೆಮನೆಯ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡು, ಕುಕ್ಕರಿನ ಕಡೆ ಒಂದು ಕಿವಿ ಕೊಟ್ಟು ಸಿನಿಮಾ ನೋಡುವವರು ಯಾರು? ಗೋಡೆಗೊರಗಿ ಚಾಪೆಯ ತುದಿಯಲ್ಲಿ ಕೂರುವ ಅಜ್ಜಿ ಯಾರು? ಆ ನಡುವಿನ ಡಬ್ಬ ಇರುವುದೇ ಅಂಚಿನಲ್ಲಿ ಕೂತ ನಮಗಾಗಿ! ಅದು ಸತ್ತಿದೆಯೋ ಬದುಕಿದೆಯೋ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನಮ್ಮ ಮನೆಯಲ್ಲಿ 2022ರಲ್ಲಿ ನಡೆದದ್ದನ್ನು ಉದಾಹರಣೆಗೆ ಹೇಳುತ್ತೇನೆ. ನನ್ನ ಅತ್ತೆಗೆ ಆಗ 79 ವರ್ಷ. ಸಿನಿಮಾ ಹಾಕಿದಾಗಲೆಲ್ಲ ‘ಏನಂದ? ಏನಂದ?’ ಎಂದು ಕೇಳತೊಡಗಿದರು. ಮೊದಮೊದಲು ಹೇಳುತ್ತಿದ್ದರು, ಆಮೇಲೆ ಎಲ್ಲರಿಗೂ ಬೇಸರ. ‘ಅಮ್ಮನಿಗೆ ಕಿವಿ ಹೋಯಿತು’ ಎಂದು ನಮ್ಮವರು ತೀರ್ಪು ಕೊಟ್ಟರು. ನಮ್ಮವರಿಗೆ ತೊಂದರೆ ಆಗಲಿಲ್ಲವೆ ಎಂದು ನೀವು ಕೇಳಬಹುದು. ಅವರು ಸಿನಿಮಾ ನೋಡುವುದು ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಓದಿಕೊಂಡು; ಉಳಿದ ಹೊತ್ತು ಕ್ರಿಕೆಟ್ಟು. ಓದಿ ತಿಳಿಯುವವನಿಗೆ ಮಾತು ಕೇಳಲಿಲ್ಲವೆಂಬುದು ಗೊತ್ತಾಗುವುದೇ ಇಲ್ಲ. ಅತ್ತೆಗೆ ಇಂಗ್ಲಿಷ್ ಬಾರದು. ಅವರಿಗೆ ಉಳಿದದ್ದು ಕಿವಿಯೊಂದೇ.

ತೀರ್ಪು ಬಂದ ಮೇಲೆ ಏನಾಗುತ್ತದೆ ಎಂಬುದನ್ನು ನೀವೆಲ್ಲ ಬಲ್ಲಿರಿ. ಬಂದ ನೆಂಟರು ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು ಕಿರುಚತೊಡಗಿದರು. ಕಾಫಿ ಬೇಕೇ ಎಂಬುದನ್ನು ಅವರನ್ನು ಕೇಳದೆ ನನ್ನನ್ನು ಕೇಳತೊಡಗಿದರು. ಅವರ ಎದುರಿಗೇ ಅವರ ಬಗ್ಗೆ, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡತೊಡಗಿದರು. ಎಲ್ಲವೂ ಅವರಿಗೆ ಕೇಳಿಸುತ್ತಿತ್ತು! ಎರಡು ತಿಂಗಳಲ್ಲಿ ಅವರು ಹಾಲಿಗೆ ಬರುವುದನ್ನೇ ಬಿಟ್ಟರು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವ ಹೊತ್ತು ಅದೊಂದೇ. ಒಂದು ಡಬ್ಬ ಮೂಕವಾದ ಕಾರಣಕ್ಕೆ ಒಂದು ಮುದಿ ಜೀವ ಮನೆಯ ಸಭೆಯಿಂದ ಹೊರಗಾಯಿತು. ‘ಸಿನಿಮಾದ ಮಾತು ಕೇಳದಿದ್ದರೆ ಏನು ಮುಳುಗಿಹೋಯಿತು’ ಎನ್ನುವವರಿಗೆ ನನ್ನ ಉತ್ತರ ಇದೇ. ಮುಳುಗಿದ್ದು ಸಿನಿಮಾ ಅಲ್ಲ.

ಕಿವಿಯ ಡಾಕ್ಟರಿಗೂ ತೋರಿಸಿದೆವು. ವಯಸ್ಸಿಗೆ ತಕ್ಕ ಅಲ್ಪಸ್ವಲ್ಪ ಮಂದ, ಈಗಲೇ ಯಂತ್ರ ಬೇಡ ಎಂದರು. ಪೇಟೆಯ ಅಂಗಡಿಯಿಂದ ಹುಡುಗನೊಬ್ಬ ಬಂದ. ಬಂದವನು ಕಂಪ್ಯೂಟರಿನಲ್ಲಿ ಒಂದು ಹಾಡು ಹಾಕಿದ, ಕಿಟಕಿ ನಡುಗುವಷ್ಟು ಜೋರು ಮಾಡಿದ, ‘ಸೌಂಡು ಸೂಪರಾಗಿದೆ ಸಾರ್’ ಎಂದ. ನೋಡಿ, ದೂರು ಹೇಳಿದವಳು ನಾನು, ಉತ್ತರ ಹೋದದ್ದು ‘ಸಾರ್’ಗೆ. ಸೆಟ್ಟು ಹಳೆಯದಾಯಿತು, ಹೊಸದಾಗಿ ಸೌಂಡ್‌ಬಾರ್ ತಗೊಳ್ಳಿ ಎಂದು ಹೇಳಿ ನಾನೂರು ರೂಪಾಯಿ ತೆಗೆದುಕೊಂಡು ಹೋದ. ಲೆಕ್ಕ ಬಾರದ ಮಗುವನ್ನು ಪರೀಕ್ಷೆ ಮಾಡುತ್ತೇನೆಂದು ಪದ್ಯ ಹೇಳಿಸಿ, ‘ಚೆನ್ನಾಗಿ ಹೇಳುತ್ತಾನಲ್ಲ’ ಎಂದು ನೂರಕ್ಕೆ ನೂರು ಕೊಟ್ಟಂತಾಯಿತು ಇದು. ದೂರು ಇದ್ದದ್ದು ಸಿನಿಮಾದ ಮಾತಿನ ಮೇಲೆ. ಪರೀಕ್ಷೆ ನಡೆದದ್ದು ಹಾಡಿನ ಮೇಲೆ.

ಇಷ್ಟು ಜನ ಸೇರಿ ಮಾಡದೆ ಬಿಟ್ಟ ಕೆಲಸ ಒಂದೇ ಒಂದು. ಅತ್ತೆಯನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ: ‘ಅಮ್ಮಾ, ಯಾವುದು ಕೇಳಿಸುತ್ತೆ, ಯಾವುದು ಕೇಳಿಸೋಲ್ಲ?’ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: ‘ಹಳೇ ಹಾಡು ಕೇಳಿಸುತ್ತೆ. ಭಾಗವತಿಕೆ ಕೇಳಿಸುತ್ತೆ. ಪ್ರವಚನ ಕೇಳಿಸುತ್ತೆ. ಸಿನಿಮಾದಲ್ಲಿ ಕುದುರೆ ಓಡೋದು, ಬಾಗಿಲು ಬಡಿಯೋದು, ಗುಡುಗೋದು ಕೇಳಿಸುತ್ತೆ. ಮನುಷ್ಯರು ಮಾತ್ರ ಮೂಕರ ಹಾಗೆ ಬಾಯಿ ಆಡಿಸ್ತಾರೆ.’

ಎಂಜಿನಿಯರಿಂಗ್ ಓದಿದವರೂ ಇದಕ್ಕಿಂತ ನಿಖರವಾಗಿ ಹೇಳಲಾರರು. ಮುದಿಕಿವಿಯೇ ಕಾರಣವಾಗಿದ್ದರೆ ಪ್ರವಚನದ ಮಾತೂ ಕೇಳಬಾರದಿತ್ತು. ಅವೂ ಮಾತು, ಇವೂ ಮಾತು. ವ್ಯತ್ಯಾಸ ಇರುವುದು ಬಂದ ದಾರಿಯಲ್ಲಿ. ನಾವು ಯೂಟ್ಯೂಬಿನಲ್ಲಿ ಹಾಕುತ್ತಿದ್ದ ಹಾಡು, ಪ್ರವಚನ, ಯಕ್ಷಗಾನಗಳಲ್ಲಿ ಇರುವುದು ಎರಡೇ ಮಾರ್ಗದ ಧ್ವನಿ. ಅದು ಮುಂದಿನ ಎಡ ಬಲ ಡಬ್ಬಗಳಿಂದ ಬರುತ್ತದೆ. ಮಗ ಹಾಕಿಟ್ಟಿದ್ದ ಸಿನಿಮಾಗಳಲ್ಲಿ ಆರೂ ಮಾರ್ಗದ ಧ್ವನಿ. ಮಾತು ನಡುವಿನದಕ್ಕೆ ಹೋಗುತ್ತದೆ. ಹಾಗಾದರೆ ನಡುವಿನದರಲ್ಲೇ ಏನೋ ಆಗಿದೆ. ಅತ್ತೆಯ ಎರಡು ವಾಕ್ಯದಲ್ಲೇ ಅರ್ಧ ರಿಪೇರಿ ಮುಗಿದಿತ್ತು.

ಉಳಿದರ್ಧಕ್ಕೆ ಕಂಪ್ಯೂಟರೇ ದಾರಿ ಇಟ್ಟಿದೆ. ವಿಂಡೋಸ್ ಇರುವ ಕಂಪ್ಯೂಟರಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೌಂಡ್’ ಎಂಬುದನ್ನು ತೆರೆದು, ‘ಪ್ಲೇಬ್ಯಾಕ್’ ಪಟ್ಟಿಯಲ್ಲಿ ನಿಮ್ಮ ಸ್ಪೀಕರನ್ನು ಆರಿಸಿ ‘ಕಾನ್ಫಿಗರ್’ ಒತ್ತಿ. 5.1 ಎಂಬುದನ್ನು ಆರಿಸಿದರೆ ಒಂದು ಕೋಣೆಯ ಚಿತ್ರ, ಅದರ ಸುತ್ತ ಡಬ್ಬಗಳ ಚಿತ್ರ ಬರುತ್ತದೆ. ಒಂದೊಂದರ ಮೇಲೆ ಒತ್ತಿದರೆ ಒಂದೊಂದೇ ಸದ್ದು ಮಾಡಬೇಕು. ತರಗತಿಯಲ್ಲಿ ಹಾಜರಿ ಕರೆದ ಹಾಗೆ! ಮುಂದಿನ ಎಡ, ಹಾಜರು. ಮುಂದಿನ ಬಲ, ಹಾಜರು. ಹಿಂದಿನವೆರಡೂ ಹಾಜರು. ನಡುವಿನದು ಗೈರುಹಾಜರಿ. ನೆಲದ ದೊಡ್ಡ ಡಬ್ಬವೂ ಗೈರುಹಾಜರಿ!

ಒಂದೇ ಊರಿನಿಂದ ಬರುವ ಇಬ್ಬರು ಮಕ್ಕಳು ಒಂದೇ ದಿನ ಗೈರಾದರೆ ಇಬ್ಬರಿಗೂ ಜ್ವರವೇ ಎಂದು ಯಾವ ಮೇಷ್ಟ್ರೂ ಕೇಳುವುದಿಲ್ಲ. ಆ ಊರಿನ ಬಸ್ಸು ಬಂತೇ ಎಂದು ಕೇಳುತ್ತಾರೆ. ನಡುವಿನ ಡಬ್ಬಕ್ಕೂ ನೆಲದ ಡಬ್ಬಕ್ಕೂ ಇರುವ ಬಸ್ಸು ಒಂದೇ. ಆರು ಮಾರ್ಗದ ಧ್ವನಿ ಕಂಪ್ಯೂಟರಿನ ಬೆನ್ನಿನಿಂದ ಮೂರು ತಂತಿಗಳಲ್ಲಿ ಹೊರಡುತ್ತದೆ, ಒಂದೊಂದರಲ್ಲಿ ಎರಡೆರಡು. ಹಸಿರು ತಂತಿ ಮುಂದಿನ ಜೋಡಿಗೆ, ಕಪ್ಪು ತಂತಿ ಹಿಂದಿನ ಜೋಡಿಗೆ, ಕಿತ್ತಳೆ ತಂತಿ ನಡುವಿನದಕ್ಕೂ ನೆಲದ್ದಕ್ಕೂ. ಹಾಗಾದರೆ ಕಿತ್ತಳೆ ತಂತಿಯಲ್ಲಿ, ಇಲ್ಲವೇ ಅದು ಚುಚ್ಚಿರುವ ತೂತಿನಲ್ಲಿ ತಪ್ಪಿದೆ. ಯಾವುದರಲ್ಲಿ? ಅದಲು ಬದಲು ಮಾಡಿ ನೋಡಿದರಾಯಿತು. ಸದ್ದನ್ನು ಪೂರ್ತಿ ತಗ್ಗಿಸಿ, ಕಿತ್ತಳೆ ತಂತಿಯನ್ನು ಹಸಿರು ತೂತಿಗೆ ಚುಚ್ಚಿ ಹಾಡು ಹಾಕಿದೆ. ಸತ್ತಿದೆ ಎಂದುಕೊಂಡಿದ್ದ ನಡುವಿನ ಡಬ್ಬ ಬಾಯಿ ಬಿಟ್ಟು ಹಾಡಿತು. ಡಬ್ಬ ಗಟ್ಟಿಯಾಗಿದೆ, ತಂತಿ ಗಟ್ಟಿಯಾಗಿದೆ. ಸೆಟ್ಟು ಹಳೆಯದಾಯಿತೆಂಬ ಮಾತು ಅಲ್ಲಿಗೆ ಬಿತ್ತು. ಉಳಿದದ್ದು ಕಂಪ್ಯೂಟರಿನ ತೂತು.

ಆ ತೂತಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ನಮ್ಮ ಕಂಪ್ಯೂಟರಿನ ಬೆನ್ನಿಗೆ ಇರುವುದು ಮೂರೇ ತೂತು: ಹಸಿರು, ನೀಲಿ, ಗುಲಾಬಿ. ಇಂಥವುಗಳಲ್ಲಿ ಗುಲಾಬಿ ತೂತಿಗೆ ಎರಡು ಉದ್ಯೋಗ. ಮೈಕು ಚುಚ್ಚಿದರೆ ಅದು ಕಿವಿ. ಆರು ಡಬ್ಬದ ಸೆಟ್ಟು ಜೋಡಿಸಿದರೆ ನಡುವಿನ ಡಬ್ಬಕ್ಕೆ ಮಾತು ಕಳಿಸುವ ಬಾಯಿ. ಏನಾಗಿರಬೇಕು ಎಂದು ಕಂಪ್ಯೂಟರಿನಲ್ಲಿರುವ ಧ್ವನಿಯ ತಂತ್ರಾಂಶಕ್ಕೆ ನಾವು ಹೇಳಬೇಕು. 2020ರ ಲಾಕ್‌ಡೌನಿನಲ್ಲಿ ಮನೆಗೆ ಬಂದ ಮಗ, ಆಫೀಸಿನ ಮೀಟಿಂಗುಗಳಿಗೆಂದು ಅದೇ ತೂತಿಗೆ ಮೈಕು ಚುಚ್ಚಿ ‘ಇದು ಮೈಕು’ ಎಂದು ಹೇಳಿಟ್ಟಿದ್ದ. ಎರಡು ವರ್ಷ ಆ ಮೈಕಿನ ಮುಂದೆಯೇ ದುಡಿದ. 2022ರಲ್ಲಿ ಆಫೀಸು ಕರೆದಾಗ ಮೈಕು ಕಿತ್ತುಕೊಂಡು, ಕಿತ್ತಳೆ ತಂತಿಯನ್ನು ಮತ್ತೆ ಅಲ್ಲೇ ಚುಚ್ಚಿ ಬೆಂಗಳೂರಿಗೆ ಹೋದ. ತಂತಿ ಬದಲಾಯಿತು, ಹೇಳಿಟ್ಟ ಮಾತು ಬದಲಾಗಲಿಲ್ಲ. ಬಾಯಿಯಾಗಬೇಕಾದ ತೂತು ಕಿವಿಯಾಗಿಯೇ ಕುಳಿತಿತ್ತು! ಎರಡು ಕಡೆ ಒತ್ತಿ ‘ಇದು ನಡುವಿನ ಸ್ಪೀಕರು’ ಎಂದು ತಿಳಿಸಿದೆ. ಖರ್ಚು ಸೊನ್ನೆ. ಹಿಡಿದ ಹೊತ್ತು ಒಂದು ಸಾರು ಕುದಿಯುವಷ್ಟು.

ಇದನ್ನು ನನ್ನ ಜಾಣತನ ಮೆರೆಸಲು ಹೇಳುತ್ತಿಲ್ಲ. ಇದರಲ್ಲಿ ಜಾಣತನ ಎಷ್ಟೂ ಬೇಕಾಗಿಲ್ಲ ಎಂದು ತೋರಿಸಲು ಹೇಳುತ್ತಿದ್ದೇನೆ. ಹೊಲಿಗೆ ಯಂತ್ರದಲ್ಲಿ ದಾರ ಕಡಿದುಹೋದರೆ ನೀವು ಏನು ಮಾಡುತ್ತೀರಿ? ಮೇಲಿನ ದಾರ ಸರಿಯಾಗಿ ಪೋಣಿಸಿದೆಯೇ ನೋಡುತ್ತೀರಿ, ಬಾಬಿನ್ ನೋಡುತ್ತೀರಿ, ಸೂಜಿ ಮೊಂಡಾಗಿದೆಯೇ ನೋಡುತ್ತೀರಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದಿಲ್ಲ. ಒಂದು ಬದಲಾಯಿಸಿ ಒಂದು ಹೊಲಿಗೆ ಹಾಕಿ ನೋಡುತ್ತೀರಿ. ಕುಕ್ಕರು ಕೂಗದಿದ್ದರೆ ಗ್ಯಾಸ್ಕೆಟ್ಟೋ, ವೆಯ್ಟಿನ ತೂತೋ, ನೀರು ಕಡಿಮೆಯೋ ಎಂದು ಒಂದೊಂದೇ ತಳ್ಳಿಹಾಕುತ್ತೀರಿ. ದೋಸೆ ಏಳದಿದ್ದರೆ ಕಾವಲಿಯನ್ನೂ ಹಿಟ್ಟನ್ನೂ ಒಟ್ಟಿಗೆ ಎಸೆಯುವ ಹೆಂಗಸು ಎಲ್ಲಿಯಾದರೂ ಇದ್ದಾಳೆಯೇ? ದಿನಕ್ಕೆ ಹತ್ತು ಸಲ ಮಾಡುವ ಈ ಕೆಲಸಕ್ಕೆ ಗಂಡಸರ ಲೋಕದಲ್ಲಿ ದೊಡ್ಡ ಹೆಸರಿದೆ, ಸಂಬಳವಿದೆ. ನಮ್ಮ ಕೈಯಲ್ಲಿ ಅದಕ್ಕೆ ‘ಅಡುಗೆಮನೆಯ ಅಭ್ಯಾಸ’ ಎಂದು ಹೆಸರು. ಹಿತ್ತಲ ಗಿಡ ಮದ್ದಲ್ಲವಲ್ಲ!

ಈಗ ಎದುರುವಾದಗಳಿಗೆ ಬರೋಣ.

‘ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಸುಳ್ಳೇ?’ ಸುಳ್ಳಲ್ಲ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ಎತ್ತರದ ಸ್ವರಗಳು. ಸ, ಶ ಮುಂತಾದ ಅಕ್ಷರಗಳ ಗುರುತಿರುವುದೇ ಆ ಎತ್ತರದಲ್ಲಿ. ಅದಕ್ಕೇ ವಯಸ್ಸಾದವರು ‘ಸದ್ದು ಕೇಳುತ್ತೆ, ಮಾತು ತಿಳಿಯೋಲ್ಲ’ ಎನ್ನುವುದು. ಕಿವಿಯ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ, ಖಂಡಿತ ಮಾಡಿಸಿ. ಆದರೆ ಮಂದ ಕಿವಿಯವರಿಗೇ ಮಾತಿನ ಡಬ್ಬ ಎಲ್ಲರಿಗಿಂತ ಹೆಚ್ಚು ಬೇಕಲ್ಲವೇ? ಕಣ್ಣು ಮಂಜಾದವರಿಗೆ ಕನ್ನಡಕವೂ ಬೇಕು, ದೀಪವೂ ಉರಿಯುತ್ತಿರಬೇಕು. ದೀಪ ಆರಿಸಿಟ್ಟು ಕಣ್ಣನ್ನು ಬೈಯುವುದು ಯಾವ ನ್ಯಾಯ?

‘ವಾಲ್ಯೂಮ್ ಹೆಚ್ಚಿಸಿದರೆ ಆಯಿತಲ್ಲ?’ ಆಗುವುದಿಲ್ಲ. ವಾಲ್ಯೂಮ್ ಎಲ್ಲವನ್ನೂ ಸಮನಾಗಿ ಏರಿಸುತ್ತದೆ. ಸತ್ತ ಡಬ್ಬವನ್ನು ಎಷ್ಟು ಏರಿಸಿದರೂ ಸೊನ್ನೆಯೇ; ಏರುವುದು ಕುದುರೆ, ಗುಡುಗು ಮಾತ್ರ. ಸಾರಿಗೆ ಉಪ್ಪು ಹಾಕಿಲ್ಲವೆಂದು ಇಡೀ ಸಾರನ್ನು ಇನ್ನೊಂದು ಪಾತ್ರೆಯಷ್ಟು ಮಾಡಿದರೆ ಉಪ್ಪು ಬಂದೀತೆ?

‘ಹೆಂಗಸರು ವೈರು ಮುಟ್ಟಿ ಏನಾದರೂ ಆದರೆ?’ ನಿಜ, ಕರೆಂಟಿನ ವಿಷಯದಲ್ಲಿ ಎಚ್ಚರ ಬೇಕು. ಪ್ಲಗ್ಗು, ಸ್ವಿಚ್ಚು ಬಿಚ್ಚುವ ಕೆಲಸ ಬಲ್ಲವರದು. ಆದರೆ ಧ್ವನಿಯ ಈ ಸಣ್ಣ ತಂತಿಗಳಲ್ಲಿ ಹರಿಯುವುದು ಮೈಗೆ ತಾಕಿದರೂ ಗೊತ್ತಾಗದಷ್ಟು ಅಲ್ಪ. ನೀರು ಕಾಯಿಸುವ ಕಾಯಿಲ್ಲು, ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳ ಜೊತೆ ದಿನವೂ ಒಡನಾಡಲು ಬಿಟ್ಟವರಿಗೆ ಈ ತಂತಿಯ ಹತ್ತಿರ ಬಂದಾಗ ಮಾತ್ರ ನಮ್ಮ ಪ್ರಾಣದ ಚಿಂತೆ!

ನಾಲ್ಕನೆಯ ವಾದ ನಮ್ಮವರದೇ, ಹೆಂಗಸರದೇ. ‘ಇದನ್ನೂ ಕಲಿತರೆ ಇದೂ ನಮ್ಮ ತಲೆಗೇ ಬೀಳುತ್ತೆ ಕಣ್ರೀ’ ಎನ್ನುತ್ತಾರೆ ನನ್ನ ಸಹೋದ್ಯೋಗಿಯೊಬ್ಬರು. ಈ ಮಾತಿನಲ್ಲಿ ಸತ್ಯವಿದೆ, ನಾನು ನಗುವುದಿಲ್ಲ. ಆದರೆ ಕೆಲಸ ಬೇರೆ, ತಿಳಿವಳಿಕೆ ಬೇರೆ. ಡಬ್ಬವನ್ನು ಯಾರು ಬೇಕಾದರೂ ಸರಿಮಾಡಲಿ. ‘ಸೆಟ್ಟು ಹಳೆಯದಾಯಿತು’ ಎಂದು ಅಂಗಡಿಯವನು ಹೇಳಿದಾಗ ‘ನಡುವಿನದನ್ನು ಒಂದನ್ನೇ ಬಾರಿಸಿ ತೋರಿಸಪ್ಪ’ ಎನ್ನುವಷ್ಟು ನಮಗೆ ಗೊತ್ತಿರಬೇಕು. ಆ ಒಂದು ಮಾತು ಸಾವಿರಾರು ರೂಪಾಯಿ ಉಳಿಸುತ್ತದೆ. ಎದುರಿಗಿರುವವನು ‘ಸಾರ್’ ಬಿಟ್ಟು ನಮ್ಮ ಕಡೆ ತಿರುಗುವುದೂ ಆ ಮಾತಿಗೇ.

ನಮ್ಮ ಮನೆಯ ತಪ್ಪೇ ನಿಮ್ಮ ಮನೆಯದೂ ಆಗಿರಬೇಕಿಲ್ಲ. ಸಾಮಾನ್ಯವಾಗಿ ಆಗುವ ಇನ್ನು ಕೆಲವನ್ನು ಹೇಳುತ್ತೇನೆ, ಒಂದು ಕಡೆ ಬರೆದಿಟ್ಟುಕೊಳ್ಳಿ.

ಕೆಲವರ ಮನೆಯಲ್ಲಿ ಇರುವುದು ಎರಡೇ ಡಬ್ಬ, ಆದರೆ ಕಂಪ್ಯೂಟರಿನಲ್ಲಿ 5.1 ಎಂದು ಗುರುತಾಗಿರುತ್ತದೆ. ಕಂಪ್ಯೂಟರು ಇಲ್ಲದ ನಡುವಿನ ಡಬ್ಬಕ್ಕೆ ಮಾತು ಕಳಿಸುತ್ತಾ ಕೂರುತ್ತದೆ, ಖಾಲಿ ಮನೆಗೆ ಕಾಗದ ಬರೆದಂತೆ. ಅಲ್ಲಿ ‘ಸ್ಟೀರಿಯೋ’ ಎಂದು ಬದಲಾಯಿಸಿ. ಆಗ ನಡುವಿನ ಮಾತನ್ನು ಎಡ ಬಲಕ್ಕೆ ಹಂಚಿ ಬೆರೆಸುತ್ತದೆ.

ಕೆಲವರ ಮನೆಯಲ್ಲಿ ಕಂಪ್ಯೂಟರಿನಿಂದ ಎಚ್‌ಡಿಎಂಐ ತಂತಿ ಮೊದಲು ಟಿವಿಗೆ ಹೋಗಿ, ಟಿವಿಯಿಂದ ಧ್ವನಿ ರಿಸೀವರಿಗೆ ಬರುತ್ತದೆ. ಎಚ್‌ಡಿಎಂಐ ತಂತಿ ಎಂಟು ಮಾರ್ಗದ ಧ್ವನಿಯನ್ನೂ ಹೊರಬಲ್ಲದು. ಆದರೆ ಜೋಡಿಸಿದ ಕೂಡಲೇ ಟಿವಿ ತನ್ನ ಯೋಗ್ಯತೆಯನ್ನು ಕಂಪ್ಯೂಟರಿಗೆ ತಿಳಿಸುತ್ತದೆ. ‘ನನಗೆ ಎರಡೇ ಕಿವಿ’ ಎಂದು ಹೇಳಿಬಿಡುವ ಟಿವಿಗಳು ಅನೇಕ. ಕಂಪ್ಯೂಟರು ಅದನ್ನು ನಂಬಿ ಎರಡೇ ಮಾರ್ಗ ಕಳಿಸುತ್ತದೆ; ನೀವು 5.1 ಹುಡುಕಿದರೆ ಪಟ್ಟಿಯಲ್ಲೇ ಇರುವುದಿಲ್ಲ. ಕಂಪ್ಯೂಟರಿನಿಂದ ಮೊದಲು ರಿಸೀವರಿಗೆ, ರಿಸೀವರಿನಿಂದ ಟಿವಿಗೆ ಎಂದು ದಾರಿ ಬದಲಾಯಿಸಿ ನೋಡಿ. ನಡುವಿನ ಚಾಡಿಕೋರನನ್ನು ತಪ್ಪಿಸಿದಂತೆ.

ಕೆಂಪು ಬೆಳಕು ಹಾಯುವ ಆಪ್ಟಿಕಲ್ ತಂತಿ ಇದ್ದರೆ ಅದಕ್ಕೆ ಮಿತಿಯಿದೆ. ಬಿಡಿಸಿದ ಧ್ವನಿಯಾದರೆ ಎರಡೇ ಮಾರ್ಗ ಹೊರುತ್ತದೆ. ಆರೂ ಮಾರ್ಗ ಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂಬ ಮಡಿಚಿದ ರೂಪದಲ್ಲೇ ಹೋಗಬೇಕು. ಹೋಳಿಗೆಯನ್ನು ಮಡಿಚಿ ಡಬ್ಬಿಗೆ ತುಂಬಿದ ಹಾಗೆ. ಸಿನಿಮಾ ತೋರಿಸುವ ತಂತ್ರಾಂಶದಲ್ಲಿ ‘ಪಾಸ್‌ಥ್ರೂ’ ಎಂಬ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಆಗ ಕಂಪ್ಯೂಟರು ಮಡಿಕೆ ಬಿಚ್ಚದೆ ಕಳಿಸುತ್ತದೆ, ರಿಸೀವರು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡರೆ ರಿಸೀವರಿನ ಮುಖದ ಮೇಲೆ ಡಾಲ್ಬಿ ಡಿಜಿಟಲ್ ಎಂದೋ ಡಿಟಿಎಸ್ ಎಂದೋ ಹೆಸರು ಬರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಎಲ್ಲವೂ ಸರಿಯಿದ್ದೂ ಮಾತು ಮೆಲ್ಲಗಿದ್ದರೆ ನಡುವಿನ ಡಬ್ಬ ಒಂದರ ಮಟ್ಟವನ್ನು ಸ್ವಲ್ಪ ಏರಿಸುವ ಸೌಲಭ್ಯ ರಿಸೀವರುಗಳಲ್ಲಿ ಇರುತ್ತದೆ. ಗುಡುಗನ್ನು ತಗ್ಗಿಸಿ ಪಿಸುಮಾತನ್ನು ಏರಿಸುವ ‘ನೈಟ್ ಮೋಡ್’ ಕೂಡ ಕೆಲವದರಲ್ಲಿ ಇರುತ್ತದೆ. ಇನ್ನು ಕಪ್ಪು-ಬಿಳುಪಿನ ಹಳೆಯ ಚಿತ್ರಗಳು ಸುತ್ತಲಿನ ಡಬ್ಬಗಳಲ್ಲಿ ಕೇಳುವುದಿಲ್ಲವೆಂದು ಯಾರನ್ನೂ ದೂರಬೇಡಿ. ಅವುಗಳ ಧ್ವನಿ ಮೂಲದಲ್ಲೇ ಒಂದು ಮಾರ್ಗದ್ದು. ಮೂಲದಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ನಿಜವಾಗಿ ಹುಟ್ಟಿಸಲಾರದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ್ದು, ಮತ್ತು ಯಾವ ಪುಸ್ತಕದಲ್ಲೂ ಬರೆಯದೆ ಬಿಡುವುದು ಒಂದಿದೆ. ಕೇಳಿಸದವರನ್ನು ಸಾಕ್ಷಿಯೆಂದು ತಿಳಿಯಿರಿ, ಆರೋಪಿಯೆಂದಲ್ಲ. ನ್ಯಾಯಾಲಯದಲ್ಲಿ ಕಣ್ಣಾರೆ ಕಂಡವರ ಮಾತಿಗೆ ಬೆಲೆಯಿದೆ. ಮನೆಯಲ್ಲಿ ಕಿವಿಯಾರೆ ಕೇಳದವರ ಮಾತಿಗೆ ಬೆಲೆಯಿಲ್ಲ. ಗ್ಯಾಸಿನ ವಾಸನೆ ಬರುತ್ತಿದೆ ಎಂದು ಸೊಸೆ ಹೇಳಿದರೆ ಅವಳಿಗೆ ಭ್ರಮೆ. ಹೊಸ ಫ್ಯಾನು ಕಟಕಟ ಎನ್ನುತ್ತಿದೆ ಎಂದು ತಾಯಿ ಹೇಳಿದರೆ ಅವಳಿಗೆ ನಿದ್ದೆ ಬಾರದ ಕಾಯಿಲೆ. ನೋವು ಎಂದರೆ ವಯಸ್ಸು, ಆಯಾಸ ಎಂದರೆ ಸೋಮಾರಿತನ. ನಾವು ಹೇಳಿದ್ದೆಲ್ಲ ತಿರುಗಿ ನಮ್ಮ ಮೈಯಲ್ಲೇ ಒಂದು ರೋಗವಾಗಿ ನಿಲ್ಲುತ್ತದೆ. ದಿನದ ಹದಿನೆಂಟು ಗಂಟೆ ಆ ಮನೆಯ ಒಳಗಿರುವವರು, ಅದರ ಒಂದೊಂದು ಸದ್ದನ್ನೂ ಬಲ್ಲವರು ನಾವೇ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಕೊನೆಗೆ ನಾವೂ ಮರೆಯುತ್ತೇವೆ. ಅತ್ತೆಯವರೂ ತಮಗೆ ಕಿವಿ ಹೋಯಿತೆಂದು ನಂಬಿಬಿಟ್ಟಿದ್ದರು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

ಆದ್ದರಿಂದ ಓದುವ ತಾಯಂದಿರಲ್ಲಿ, ತಂಗಿಯರಲ್ಲಿ ನನ್ನ ಒತ್ತಾಯ ಇಷ್ಟೇ. ಈ ಭಾನುವಾರ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಮನೆಯ ಡಬ್ಬಗಳ ಹಾಜರಿ ಕರೆಯಿರಿ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಂದು ಚೀಟಿ ಬರೆದು ಅಂಟಿಸಿ; ಉಪ್ಪಿನಕಾಯಿ ಜಾಡಿಗೆ ವರ್ಷ ಬರೆದು ಅಂಟಿಸುವುದಿಲ್ಲವೇ, ಹಾಗೆ. ಮಗಳಿಗೂ ತೋರಿಸಿ, ಮಗನಿಗೂ ತೋರಿಸಿ. ಮತ್ತೆ ಮನೆಯಲ್ಲಿ ಯಾರಾದರೂ, ಎಷ್ಟೇ ವಯಸ್ಸಾದವರಾಗಲಿ, ‘ಕೇಳಿಸ್ತಾ ಇಲ್ಲ’ ಎಂದರೆ ತೀರ್ಪು ಕೊಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ‘ಏನು ಕೇಳಿಸ್ತಾ ಇಲ್ಲ?’